ಈರುಳ್ಳಿ ಗೋಡೌನಿನಲ್ಲಿ ಹಿಡಿದ ನಗು

ತೆರೆಯ ಮೇಲೆ ಐದು ಜನ ನಗುತ್ತಿದ್ದರು. ನನ್ನ ಕಿವಿಗೆ ಮಾತ್ರ ಅದು ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಕೇಳುತ್ತಿತ್ತು. ಮೊದಲು ಒಬ್ಬ ನಕ್ಕ. ಅವನು ನಿಲ್ಲಿಸಿದ ಮೇಲೆ ಪಕ್ಕದವಳು ನಕ್ಕಳು, ಆಮೇಲೆ ಮೂರನೆಯವನು. ಯಾರೂ ಯಾರ ಸರದಿಯನ್ನೂ ಕಸಿದುಕೊಳ್ಳಲಿಲ್ಲ. ನಮ್ಮ ಸರಣಿಗೆ ಒಪ್ಪಿಗೆ ಕೊಡಬೇಕಾಗಿದ್ದ ಬೆಂಗಳೂರಿನ ಮೇಡಂ ಲ್ಯಾಪ್‌ಟಾಪ್ ಮುಚ್ಚಿ, "ಇವರು ಫ್ರೆಂಡ್ಸ್ ಅಲ್ಲ. ಒಂದೇ ಬಸ್ಸಿಗೆ ಕಾಯ್ತಿರೋ ಜನ" ಅಂದರು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಹೇಳಿದ್ದು ನಿಜವಾಗಿತ್ತು.

ಶೂಟಿಂಗಿನಲ್ಲಿ ಮಾತು, ಸದ್ದು ಹಿಡಿಯುವುದು ನನ್ನ ಕೆಲಸ. ಯುನಿಟ್ಟಿನವರಿಗೆ ನಾನು ಬರೀ 'ಸೌಂಡು'. 'ಸೌಂಡ್ ಊಟ ಮಾಡಿದ್ರಾ?', 'ಸೌಂಡ್‌ನ ಕರೀರಿ' ಎಂದೇ ಅವರ ಮಾತು. ಆಗ ನಾವು ಮಾಡುತ್ತಿದ್ದದ್ದು ಒಂದು ನಗೆ ಸರಣಿ. ಮೊಬೈಲು ಇಲ್ಲದ ಕಾಲದಲ್ಲಿ ಅಜ್ಜಂಪುರದ ಪಿಯುಸಿ ಕಾಲೇಜಿನಲ್ಲಿ ಓದುವ ಐವರು ಗೆಳೆಯರು, ಅವರು ದಿನವೂ ಸೇರುವ ಒಂದು ಕ್ಯಾಂಟೀನು. ಬಾಡಿಗೆ ಸೈಕಲ್ಲು, ಎಸ್‌ಟಿಡಿ ಬೂತು, ಕ್ಯಾಸೆಟ್ಟಿನಿಂದ ಹೊರಬಂದ ಟೇಪನ್ನು ಪೆನ್ನು ತೂರಿಸಿ ಸುತ್ತುವುದು, ಎಲ್ಲವೂ ಅದರಲ್ಲಿತ್ತು. ಆ ಕಾಲದ ಸಾಮಾನು ಹುಡುಕಿ ತರುವುದರಲ್ಲಿ ನಮ್ಮವರು ಎಳ್ಳಷ್ಟೂ ತಪ್ಪು ಮಾಡಿರಲಿಲ್ಲ. ಗೆಳೆತನವನ್ನು ಮಾತ್ರ ಯಾವ ಗುಜರಿ ಅಂಗಡಿಯಲ್ಲೂ ಮಾರುತ್ತಿರಲಿಲ್ಲ.

ಐವರು ಕಲಾವಿದರಲ್ಲಿ ಇಬ್ಬರು ಹುಡುಗರು ಬೆಂಗಳೂರಿನ ನಾಟಕ ತಂಡದವರು. ಒಬ್ಬ ನಮ್ಮ ಕಡೂರಿನವನು, ಒಬ್ಬಳು ತರೀಕೆರೆಯವಳು. ಐದನೆಯವಳು ಶಿವನಿಯಿಂದ ದಿನಾ ಬರುತ್ತಿದ್ದಳು. ಅವಳಿಗೆ ಇದೇ ಮೊದಲ ಅವಕಾಶ. ಟಿವಿಯಲ್ಲಿ ಬರುತ್ತಾಳೆ ಎಂದು ಅವಳ ತಾಯಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೇಡಂ ಹೊರಡುವಾಗ ಕಾರಿನ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು: "ಸೋಮವಾರ ಮತ್ತೆ ನೋಡ್ತೀನಿ. ಆಗಲೂ ಹೀಗೇ ಇದ್ರೆ ಐದೂ ಜನರನ್ನ ಚೇಂಜ್ ಮಾಡೋಣ. ಬೆಂಗಳೂರಲ್ಲಿ ಒಂದು ಗ್ಯಾಂಗ್ ರೆಡಿ ಇದೆ." ಕಾರು ಹೋದ ಮೇಲೆ ನಿರ್ದೇಶಕರು ತುಂಬ ಹೊತ್ತು ಧೂಳನ್ನೇ ನೋಡುತ್ತ ನಿಂತಿದ್ದರು. ಅವತ್ತು ಬುಧವಾರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನಿರ್ದೇಶಕರು ಮೈಕು ಡೊಂಕು ಅಂದರು. "ಮುಖ ನೋಡಯ್ಯ, ಎಲ್ರೂ ಚೆನ್ನಾಗೇ ನಗ್ತಿದಾರೆ. ಕಣ್ಮುಚ್ಕೊಂಡು ಕೇಳಿದ್ರೆ ಸಪ್ಪೆ. ಅಂದ್ಮೇಲೆ ಅದು ಸೌಂಡು. ನೀನೇ ಏನಾದ್ರೂ ಮಾಡು." ಅವರು ತರೀಕೆರೆಯವರು, ಒಳ್ಳೆಯ ಮನುಷ್ಯ, ಭಯವಾದಾಗ ಮಾತ್ರ ತಪ್ಪನ್ನು ಕೈಗೆ ಸಿಕ್ಕವರ ಮೇಲೆ ಹಾಕುತ್ತಾರೆ. ಐದು ಮಕ್ಕಳ ಕೆಲಸ ಉಳಿಸುವ ಹೊಣೆ ಹೀಗೆ ನನ್ನ ಕೊರಳಿಗೆ ಬಿತ್ತು.

ನಮ್ಮ ಕ್ಯಾಂಟೀನ್ ಸೆಟ್ಟು ಇದ್ದದ್ದು ಅಜ್ಜಂಪುರದ ಒಂದು ಖಾಲಿ ಈರುಳ್ಳಿ ಗೋಡೌನಿನಲ್ಲಿ. ನೋಡುವುದಕ್ಕೆ ಚೆನ್ನಾಗಿತ್ತು, ಕೇಳುವುದಕ್ಕೆ ನರಕ. ಬಿಸಿಲೇರಿದಂತೆ ತಗಡಿನ ಮಾಡು ಟಿಕ್ ಟಿಕ್ ಅನ್ನುತ್ತಿತ್ತು. ಮಾತಾಡಿದರೆ ನಾಲ್ಕು ಗೋಡೆಯೂ ತಿರುಗಿ ಮಾತಾಡುತ್ತಿದ್ದವು. ಅದನ್ನು ತಡೆಯಲು ಕ್ಯಾಮೆರಾಕ್ಕೆ ಕಾಣದ ಕಡೆಯೆಲ್ಲ ಗೋಣಿಚೀಲ ನೇತುಹಾಕಿಸಿದ್ದೆ. ಉಳಿದದ್ದು ರೈಲು. ಹಳಿ ಹತ್ತಿರವೇ ಇತ್ತು. ಎಲ್ಲರಿಗಿಂತ ಮೊದಲು ನನ್ನ ಹೆಡ್‌ಫೋನಿಗೆ ರೈಲು ಬರುತ್ತಿತ್ತು. ಆಗ ನಾನು ಕಣ್ಣು ಮುಚ್ಚಿ ಒಂದು ಬೆರಳೆತ್ತಿ, "ಒಂದ್ನಿಮ್ಷ... ಟ್ರೈನ್" ಅನ್ನುತ್ತಿದ್ದೆ. ಎಲ್ಲರೂ ನಿಂತಲ್ಲೇ ನಿಂತು ಅದು ಹೋಗುವವರೆಗೂ ಕಾಯಬೇಕು. ದಿನಕ್ಕೆ ಎಷ್ಟೋ ಸಲ ಹೀಗಾಗುತ್ತಿತ್ತು.

ಗುರುವಾರ ನಗುವನ್ನಷ್ಟೇ ಬೇರೆಯಾಗಿ ಹಿಡಿಯಲು ಹೊರಟೆ. ಐವರನ್ನೂ ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕಿನ ಕೆಳಗೆ ಅರ್ಧಚಂದ್ರಾಕಾರವಾಗಿ ಕೂರಿಸಿ, ಎದುರಿನ ತೆರೆಯಲ್ಲಿ ದೃಶ್ಯ ಬಿಟ್ಟು, "ಈಗ ನಗಿ" ಅಂದೆ. ನಕ್ಕರು. "ಇನ್ನೂ ಸಹಜವಾಗಿ" ಅಂದೆ. ಹೀಗೆ ಹೇಳಿದ ಮೇಲೆ ಯಾವ ಮನುಷ್ಯನೂ ಸಹಜವಾಗಿ ನಗಲಾರ ಎಂಬುದು ನನಗೆ ಗೊತ್ತಿರಬೇಕಿತ್ತು. ಹೊಟ್ಟೆಯಿಂದ ನಗಿ ಅಂದೆ, ಮೂಗಿನಿಂದ ನಗಿ ಅಂದೆ, ತಡೆದುಕೊಂಡು ನಗಿ ಅಂದೆ. ಕೊನೆಗೆ ಶಿವನಿಯ ಹುಡುಗಿ ನಗುತ್ತ ನಗುತ್ತಲೇ ಅಳುವುದಕ್ಕೆ ಶುರುಮಾಡಿದಳು. ಉಳಿದ ನಾಲ್ವರೂ ಅವಳನ್ನು ಸಮಾಧಾನ ಮಾಡಲಿಲ್ಲ. ತಂತಮ್ಮ ಮೊಬೈಲು ತೆಗೆದು ನೋಡುತ್ತ ಕೂತರು. ಇವರು ಒಂದೇ ಬಸ್ಸಿಗೆ ಕಾಯುವವರೂ ಅಲ್ಲ, ಬೇರೆ ಬೇರೆ ಬಸ್ಸಿನವರು ಅಂದುಕೊಂಡು ರೆಕಾರ್ಡರ್ ನಿಲ್ಲಿಸಿದೆ.

ಶುಕ್ರವಾರ ತರೀಕೆರೆ ಬಸ್ ಸ್ಟ್ಯಾಂಡಿಗೆ ಹೋದೆ. ಕಾಲೇಜು ಬಿಡುವ ಹೊತ್ತಿಗೆ ಅಲ್ಲಿ ನಗುವಿಗೇನು ಬರ? ಗುಂಪು ಗುಂಪಾಗಿ ಹುಡುಗ ಹುಡುಗಿಯರು ಕಂಬಕ್ಕೆ ಒರಗಿ, ಒಬ್ಬರ ಬ್ಯಾಗು ಇನ್ನೊಬ್ಬರು ಎಳೆಯುತ್ತ ನಗುತ್ತಿದ್ದರು. ಮೈಕು ಕಂಡದ್ದೇ ತಡ, ಒಂದು ಗುಂಪು ಗಪ್‌ಚುಪ್ಪಾಯಿತು. ಇನ್ನೊಂದು ಗುಂಪು ಯೂಟ್ಯೂಬಿನವನೆಂದುಕೊಂಡು ಕೂದಲು ಸರಿಮಾಡಿಕೊಂಡಿತು. "ಅಂಕಲ್, ಯಾವ ಚಾನೆಲ್ಲು? ಪ್ರಾಂಕ್ ಮಾಡ್ತೀರಾ?" ನಗು ಬೇಕಾಗಿದೆ ಎಂದು ವಿವರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಪಾಪ" ಅಂದರು. ಮೈಕನ್ನು ಕೈಚೀಲದಲ್ಲಿಟ್ಟುಕೊಂಡು ಕದ್ದು ಹಿಡಿಯಬಹುದು ಎಂಬ ಯೋಚನೆ ಬಂದದ್ದು ನಿಜ. ಆದರೆ ಅವರಿಗೆ ಗೊತ್ತಿಲ್ಲದೆ ಅವರ ನಗುವನ್ನು ಬೇರೆಯವರ ಬಾಯಿಗೆ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಕಂಡಕ್ಟರುಗಳು "ಲಿಂಗದಹಳ್ಳಿ, ಲಿಂಗದಹಳ್ಳಿ" ಎಂದು ಕೂಗುತ್ತಿದ್ದರು. ಮೈಕಿನ ತಂತಿ ಸುತ್ತಿಕೊಂಡು ನಾನು ಅಲ್ಲೇ ಒಂದು ಬೆಂಚಿನ ಮೇಲೆ ಬರಿಗಿವಿಯಲ್ಲಿ ಕೂತೆ.

ಅಲ್ಲಿ ಕೂತು ಕೇಳಿದಾಗಲೇ ನನಗೊಂದು ವಿಷಯ ಹೊಳೆದದ್ದು. ಗೆಳೆಯರು ನಗುವುದು ಮಾತು ಮುಗಿದ ಮೇಲಲ್ಲ, ಮುಗಿಯುವುದಕ್ಕೆ ಮುಂಚೆ. ಹೇಳುವವನು ಬಾಯಿ ತೆರೆದ ಕೂಡಲೇ ಅವನು ಏನು ಹೇಳುತ್ತಾನೆಂದು ಅವರಿಗೆ ಗೊತ್ತಾಗಿಬಿಡುತ್ತದೆ, ಯಾಕೆಂದರೆ ಅವನು ಅವರಿಗೆ ಗೊತ್ತು. ನಗೆಮಾತು ಪೂರ್ತಿಯಾಗುವುದೇ ಇಲ್ಲ. ಪೂರ್ತಿ ಕೇಳಿಸಿಕೊಂಡು ಆಮೇಲೆ ನಗುವವರು ಪ್ರೇಕ್ಷಕರು. ನಮ್ಮ ಐವರೂ ಬರೆದ ಮಾತು ಮುಗಿಯುವವರೆಗೆ ಮರ್ಯಾದೆಯಿಂದ ಕಾಯುತ್ತಿದ್ದರು.

ಇಷ್ಟು ತಿಳಿಯುವುದಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು. ಅಪ್ಪನದು ವರ್ಗಾವಣೆಯ ನೌಕರಿ. ಬೀರೂರು, ಶಿವನಿ, ಅಜ್ಜಂಪುರ, ಕಡೂರು ಅಂತ ಶಾಲೆ ಬದಲಾಯಿಸುತ್ತಲೇ ಹೈಸ್ಕೂಲು ಮುಗಿಯಿತು. ಹೋದಲ್ಲೆಲ್ಲ ಗುಂಪುಗಳು ಮೊದಲೇ ಕಟ್ಟಿಕೊಂಡಿರುತ್ತಿದ್ದವು. ನಾನು ಹತ್ತಿರ ಹೋದರೆ ಅವರೇನೂ ಓಡಿಸುತ್ತಿರಲಿಲ್ಲ, ಜಾಗ ಬಿಡುತ್ತಿದ್ದರು. ನಗು ಮಾತ್ರ ನಿಂತುಹೋಗುತ್ತಿತ್ತು. ಈಗಲೂ ಕಡೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಸಂಜೆ ಮನೆಗೆ ಬಂದು ಅನ್ನಕ್ಕಿಡುವಾಗ ಇಂಥದೇ ಒಂದು ಗೆಳೆಯರ ಸರಣಿ ಹಾಕಿಡುತ್ತೇನೆ. ನೋಡುವುದಕ್ಕಲ್ಲ. ನಡುಮನೆಯಲ್ಲಿ ನಾಲ್ಕೈದು ಜನ ಮಾತಾಡುತ್ತಿರಲಿ ಅಂತ.

ಶನಿವಾರ ಬೆಳಿಗ್ಗೆ ನಾನು ಗೋಡೌನಿಗೆ ಬರುವಷ್ಟರಲ್ಲಿ ಮಕ್ಕಳಿಗೆ ಸುದ್ದಿ ಗೊತ್ತಾಗಿಬಿಟ್ಟಿತ್ತು. ಕಾಫಿ ಕೊಡುವವರೋ ಮೇಕಪ್ಪಿನವರೋ ಹೇಳಿರಬೇಕು. ಐವರ ಮುಖವೂ ಒಂದೇ ತರ ಇತ್ತು. ಹೇಗಿದ್ದರೂ ತಮ್ಮನ್ನು ತೆಗೆಯುತ್ತಾರೆ ಎಂದು ಅವರು ತೀರ್ಮಾನ ಮಾಡಿಕೊಂಡಿದ್ದರು. ಅವತ್ತಿನ ಟೇಕುಗಳೂ ಚೆನ್ನಾಗಿ ಬರಲಿಲ್ಲ. ಅದರ ಮೇಲೆ ಶಿವನಿ ಹುಡುಗಿಯ ಲೇಪಲ್ ಮೈಕು, ಅಂದರೆ ಬಟ್ಟೆಯೊಳಗೆ ಅಂಟಿಸುವ ಪುಟ್ಟ ಮೈಕು, ಸರಸರ ಸದ್ದು ಮಾಡುತ್ತಿತ್ತು. ದುಪಟ್ಟಾ ತಾಗುತ್ತಿದೆಯೋ ತಂತಿಯೇ ಹಾಳಾಗಿದೆಯೋ ತಿಳಿಯಲಿಲ್ಲ.

ಊಟಕ್ಕೆ ಬಿಟ್ಟಾಗ ಮೈಕು ಬಿಚ್ಚಿ ಮತ್ತೆ ಅಂಟಿಸುವುದು ದೊಡ್ಡ ರಗಳೆಯೆಂದು ಐವರನ್ನೂ ಹಾಗೇ ಕಳಿಸುತ್ತಿದ್ದೆವು. ಅಂಥ ಹೊತ್ತಿನಲ್ಲಿ ನಮ್ಮ ಕಸುಬಿನಲ್ಲಿ ಒಂದು ರಿವಾಜಿದೆ. ನಿರ್ದೇಶಕರು ಕಟ್ ಅಂದ ಕೂಡಲೇ ಎಲ್ಲ ಮೈಕಿನ ದನಿಯನ್ನೂ ಇಳಿಸಿ ಹೆಡ್‌ಫೋನ್ ತೆಗೆಯಬೇಕು. ಕಲಾವಿದರು ಮನೆಗೆ ಫೋನ್ ಮಾಡುತ್ತಾರೆ, ಅಳುತ್ತಾರೆ, ಬೈಯುತ್ತಾರೆ. ಅದು ನಮ್ಮ ಕಿವಿಗೆ ಬೀಳಬಾರದು. ನಾನು ಯಾವತ್ತೂ ಅದನ್ನು ಮೀರಿದವನಲ್ಲ. ಅವತ್ತು ಸರಸರ ಯಾಕೆ ಬರುತ್ತಿದೆ ನೋಡಲೇಬೇಕಿತ್ತು. ಅವಳು ಸುಮ್ಮನೆ ಕೂತು ಉಣ್ಣುವಾಗಲೂ ಸದ್ದು ಬಂದರೆ ತಂತಿಯ ದೋಷ, ಇಲ್ಲದಿದ್ದರೆ ಬಟ್ಟೆಯದು. ರೆಕಾರ್ಡರ್ ಓಡಿಸಿ, ಅವಳ ಮೈಕನ್ನು ಮಾತ್ರ ಏರಿಸಿದೆ.

ದಿನಾ ಐವರೂ ಐದು ಮೂಲೆಯಲ್ಲಿ ಉಣ್ಣುತ್ತಿದ್ದರು. ಅವತ್ತು ಗೋಣಿಚೀಲದ ಆಚೆ ನೆಲದ ಮೇಲೆ ಸುತ್ತ ಕೂತಿದ್ದರು ಎಂದು ಸದ್ದಿನಿಂದಲೇ ತಿಳಿಯಿತು. ಶಿವನಿಯವಳು ಮನೆಯಿಂದ ಮಂಡಕ್ಕಿ ತಂದಿದ್ದಳು. ಪೇಪರ್ ಹಾಸಿ ಸುರಿದ ಸದ್ದು, ಗೋಡೌನಿನಲ್ಲೇ ಸಿಕ್ಕಿದ ಈರುಳ್ಳಿಯನ್ನು ಯಾರೋ ಗುದ್ದಿ ಒಡೆದ ಸದ್ದು. ಬೆಂಗಳೂರಿನ ಹುಡುಗ ಚಮಚ ಕೇಳಿದ. "ಕೈ ಹಾಕೋ ಲೇ, ಚಮಚ ಅಂತೆ ಚಮಚ" ಎಂದು ಕಡೂರಿನವನು ಬೈದ. ಐದು ಕೈಗಳು ಒಂದೇ ರಾಶಿಗೆ ಬಿದ್ದವು. ನಮ್ಮ ಸೀಮೆಯಲ್ಲಿ ಜೊತೆಗಾರರು ಅಂದರೆ ಒಂದೇ ಪೇಪರಿನ ಮಂಡಕ್ಕಿಗೆ ಕೈ ಹಾಕುವವರು. ಅದು ನಮ್ಮ ಸ್ಕ್ರಿಪ್ಟಿನಲ್ಲಿ ಎಲ್ಲೂ ಇರಲಿಲ್ಲ.

ಮೈಕಿನಲ್ಲಿ ಸರಸರ ಇರಲಿಲ್ಲ, ಹಾಗಾದರೆ ಬಟ್ಟೆಯದೇ ದೋಷ. ನನ್ನ ಕೆಲಸ ಮುಗಿದಿತ್ತು. ದನಿ ಇಳಿಸಲು ಬೆರಳು ಇಡುವಷ್ಟರಲ್ಲಿ ಅವಳು ಗಂಟಲು ಸರಿಮಾಡಿಕೊಂಡು ಹೇಳಿದಳು: "ಒಂದ್ನಿಮ್ಷ..."

ಅಷ್ಟೇ. ಮುಂದಿನದನ್ನು ಅವಳು ಹೇಳಲೇ ಇಲ್ಲ. ನಾಲ್ವರೂ ಒಟ್ಟಿಗೆ ಬಿದ್ದು ಬಿದ್ದು ನಕ್ಕರು. ಒಬ್ಬನಿಗೆ ಮಂಡಕ್ಕಿ ನೆತ್ತಿಗೇರಿತು.

"ಯಾರೋ ಸತ್ತೋದ್ರು ಅನ್ನಂಗೆ ಹೇಳ್ತಾರೆ ಕಣೇ, ಟ್ರೈನ್ ಅಂತ!" ತರೀಕೆರೆಯವಳ ದನಿ.

"ಸೌಂಡ್ ಅಂಕಲ್ ಮದ್ವೆ ಹೆಂಗಿರುತ್ತೆ ಗೊತ್ತಾ?" ಕಡೂರಿನವನು. "ಇನ್ನೇನು ತಾಳಿ ಕಟ್ಬೇಕು, ಬೆರಳೆತ್ತಿ... 'ಒಂದ್ನಿಮ್ಷ, ಓಲಗದಲ್ಲಿ ಗುಂಯ್ ಅಂತ ಹಮ್ಮು ಬತ್ತೈತೆ...'"

"ಅದ್ಕೇ ಕಣೋ ಮದ್ವೆನೇ ಆಗಿಲ್ಲ!" ಎಂದು ಶಿವನಿಯವಳು ಹೇಳುವುದರೊಳಗೆ ಮತ್ತೆ ಎದ್ದಿತು ನೋಡಿ, ಆ ನಗು. ಒಬ್ಬರ ಉಸಿರು ಇನ್ನೊಬ್ಬರ ನಗುವಿನ ಮೇಲೆ, ಅದರ ಮೇಲೆ ಕೆಮ್ಮು, ಅದರ ಮೇಲೆ ನೆಲಕ್ಕೆ ಬಡಿಯುವ ಅಂಗೈ. ಯಾರದು ಯಾವುದು ಎಂದು ಬಿಡಿಸಲು ಸಾಧ್ಯವಿರಲಿಲ್ಲ. ಕೆಲಸ ಹೋಗುತ್ತದೆ ಎಂಬ ಸಂಕಟದಲ್ಲಿ ಅವರು ಒಂದಾಗಿದ್ದರು. ಒಂದಾದವರಿಗೆ ಆಡಿಕೊಳ್ಳಲು ಒಬ್ಬ ಬೇಕಿತ್ತು, ನಾನು ಸಿಕ್ಕಿದ್ದೆ.

ನನಗೆ ನೋವಾಯಿತು. ಚೆನ್ನಾಗಿಯೇ ನೋವಾಯಿತು. ಕಿವಿಯೊಳಗೇ ನಡೆದದ್ದರಿಂದ ಮುಖ ತಿರುಗಿಸಿಕೊಳ್ಳಲೂ ಆಗುವಂತಿರಲಿಲ್ಲ. ಆದರೆ ಕಣ್ಣು ಮಾತ್ರ ರೆಕಾರ್ಡರಿನ ಮೇಲೆ ಕುಣಿಯುತ್ತಿದ್ದ ದೀಪಗಳನ್ನೇ ನೋಡುತ್ತಿತ್ತು. ಒಂದು ಸಲವೂ ಅವು ಕೆಂಪಿಗೆ ಹೋಗಿರಲಿಲ್ಲ, ದನಿ ಎಲ್ಲೂ ಒಡೆದಿರಲಿಲ್ಲ. ತಗಡು ಟಿಕ್ ಅಂದಿರಲಿಲ್ಲ, ರೈಲೂ ಬಂದಿರಲಿಲ್ಲ. ಮೂರು ದಿನದಿಂದ ಹುಡುಕುತ್ತಿದ್ದ ನಗು ಕಲ್ಮಶವಿಲ್ಲದೆ ನನ್ನ ಪೆಟ್ಟಿಗೆಗೆ ಬಂದು ಕೂತಿತ್ತು.

ಅದನ್ನು ಯಾರಿಗೂ ಹೇಳದೆ ಅಳಿಸಿಬಿಡಬಹುದಿತ್ತು. ಯಾರಿಗೂ ಹೇಳದೆ ಬಳಸಲೂಬಹುದಿತ್ತು. ನಾನು ಹೆಡ್‌ಫೋನ್ ತೆಗೆದಿಟ್ಟು ಗೋಣಿಚೀಲ ಸರಿಸಿ ಅವರ ಎದುರು ಹೋಗಿ ನಿಂತೆ. ನಗು ಬಂದ್ ಆಯಿತು.

"ಮೈಕು ಆನ್ ಇತ್ತು. ನಿಮ್ಮದು ಸರಿ ಇದೆಯಾ ಅಂತ ನೋಡ್ತಿದ್ದೆ. ನಾನು ಕೇಳಬಾರದಿತ್ತು, ಕೇಳಿಬಿಟ್ಟೆ" ಅಂದೆ.

ಐವರ ಮುಖದ ಬಣ್ಣವೂ ಇಳಿಯಿತು. ಕಡೂರಿನವನು ಎದ್ದು ನಿಂತ. "ಸಾರ್, ಸುಮ್ನೆ ತಮಾಷೆಗೆ ಸಾರ್. ಬೇಜಾರ್ ಮಾಡ್ಕೋಬೇಡಿ."

"ಆ ನಗು ನನಗೆ ಬೇಕು. ಮಾತೆಲ್ಲ ತೆಗೆದುಹಾಕ್ತೀನಿ, ಬರೀ ನಗು. ನೀವು ಐದೂ ಜನ ಹ್ಞೂಂ ಅಂದರೆ ಮಾತ್ರ."

ಶಿವನಿಯವಳು ತಲೆ ಎತ್ತದೆ ಕೇಳಿದಳು: "ಅದ್ರಲ್ಲಿ ನಿಮ್ಮನ್ನೇ ಆಡ್ಕೊಂಡಿದೀವಲ್ಲ ಸಾರ್. ಕೇಳ್ದಾಗೆಲ್ಲ ನಿಮ್ಗೆ ಅದೇ ನೆನಪಾಗಲ್ವಾ?"

"ಆಗುತ್ತೆ. ಆದರೂ ಬೇಕು" ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ಕ್ಯಾಮೆರಾ ತರಿಸಿ ಇನ್ನೊಮ್ಮೆ ಹಾಗೇ ನಗಿಸಲು ನಿರ್ದೇಶಕರು ನೋಡಿದರು. ನಾನು ಎದುರು ನಿಂತು ಬೆರಳೆತ್ತಿದ್ದೂ ಆಯಿತು. ಮತ್ತೆ ಹಾಜರಿ ಶುರುವಾಯಿತೇ ಹೊರತು ಆ ನಗು ತಿರುಗಿ ಬರಲಿಲ್ಲ.

ಈಗ ಹೊಸ ತೊಡಕು. ನಗು ಇದೆ, ಅದಕ್ಕೆ ತಕ್ಕ ಮುಖವಿಲ್ಲ. ಎಡಿಟಿಂಗ್ ಮಾಡುತ್ತಿದ್ದ ಹುಡುಗಿ ಗೋಡೌನಿನ ಪಕ್ಕದ ರೂಮಿನಲ್ಲಿ ಕೂತು ಶನಿವಾರ ರಾತ್ರಿ ಪೂರ್ತಿ ಹೊಂದಿಸಿ ನೋಡಿದಳು. ಬಾಯಿ ಒಂದು ಕಡೆ, ನಗು ಒಂದು ಕಡೆ. ಅದರ ಜೊತೆಗೆ ಮಂಡಕ್ಕಿಯ ಕರಕರ. ಕರಕರ ತೆಗೆದರೆ ನಗುವಿನ ಜೀವವೂ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಅವಳು, "ಮುಖ ಹೊಂದಲ್ಲ ಸಾರ್, ಬಿಟ್ಬಿಡೋಣ" ಎಂದು ಕುರ್ಚಿಗೆ ಒರಗಿದಳು. ಸಹಾಯಕರು ಆ ಕಾಲದ ಐದು ಸೈಕಲ್ಲುಗಳನ್ನು ಆಗಷ್ಟೇ ತಂದು ಗೋಡೌನಿನ ಬಾಗಿಲ ಹತ್ತಿರ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಅವಳ ರೂಮಿನ ಕಿಟಕಿಯಿಂದ ಆ ಬಾಗಿಲು ಕಾಣುತ್ತಿತ್ತು. ಅರ್ಧ ಮುಚ್ಚಿತ್ತು, ಹತ್ತಿರ ಯಾರೂ ಇರಲಿಲ್ಲ. ಅವಳ ಸ್ಪೀಕರಿನಲ್ಲಿ ನಗು ಇನ್ನೂ ಓಡುತ್ತಲೇ ಇತ್ತು.

ಆ ಬಾಗಿಲ ಮುಂದೆ ನಾನು ಎಷ್ಟೋ ಊರುಗಳಲ್ಲಿ ನಿಂತಿದ್ದೆ.

ನಿರ್ದೇಶಕರ ಹತ್ತಿರ ಹೋಗಿ, "ಮುಖ ತೋರಿಸೋದು ಬೇಡ. ಬಾಗಿಲು ತೋರಿಸಿ, ಹೊರಗಿಂದ" ಅಂದೆ.

"ಕಾಮಿಡಿಲಿ ಹೀರೋಗಳು ನಗೋದನ್ನೇ ತೋರಿಸ್ಬಾರ್ದಾ? ತಲೆ ಕೆಟ್ಟಿದ್ಯೇನಯ್ಯಾ?"

"ನೋಡೋರು ಒಳಗೆ ಇರಲ್ಲ. ಯಾವತ್ತೂ ಹೊರಗೇ ಇರೋದು. ಅಂಥವರು ಯಾಕೆ ಇಂಥ ಸರಣಿ ನೋಡ್ತಾರೆ ಅಂದ್ಕೊಂಡಿದೀರಿ? ತಮ್ಮ ಗೆಳೆಯರ ನೆನಪಾಗುತ್ತೆ ಅಂತಲೇ? ಇದ್ದವರಿಗೆ ನೆನಪಾಗಬಹುದು. ಇಲ್ಲದವರಿಗೆ?" ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಯುನಿಟ್ಟಿನಲ್ಲಿ ಯಾರೂ ನಾನು ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ.

ನಿರ್ದೇಶಕರು ಬೈಯಲಿಲ್ಲ. "ಕ್ಯಾಮೆರಾ ಹೊರಗೆ ತಗೊಳ್ರಪ್ಪಾ" ಅಂದರು. ಸಂಜೆ ಬಿಸಿಲಲ್ಲಿ ಐದು ಸೈಕಲ್ಲು, ಅರ್ಧ ಮುಚ್ಚಿದ ಬಾಗಿಲು, ಆಚೆ ಖಾಲಿ ಓಣಿ. ಅದರ ಮೇಲೆ ನಗು, ಮಂಡಕ್ಕಿಯ ಕರಕರದ ಸಮೇತ. ಗೋಡೆಯ ಆಚೆಯಿಂದ ಕೇಳಿದಂತೆ ಇರಲೆಂದು ದನಿಯ ಹರಿತವನ್ನು ಸ್ವಲ್ಪ ತೆಗೆದೆ, ಅಷ್ಟೇ.

ಸೋಮವಾರ ಮೇಡಂ ಅದನ್ನು ನೋಡಿ, ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದರು. "ಒಳಗೆ ಹೋಗ್ಬೇಕು ಅನ್ಸುತ್ತೆ" ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಇದೇ ಮಕ್ಕಳು ಇರಲಿ" ಅಂದರು. ಶಿವನಿಯವಳು ಗೋಡೌನಿನ ಹಿಂದೆ ಹೋಗಿ ಅಮ್ಮನಿಗೆ ಫೋನ್ ಮಾಡಿದಳು. ಅವಳ ಮೈಕಿನ ದನಿ ಇಳಿಸಿ ನಾನು ನೀರು ಕುಡಿಯಲು ಎದ್ದೆ.

ಶೂಟಿಂಗ್ ಮುಗಿಯುವ ಮುಂಚೆಯೇ ಆ ತುಣುಕನ್ನು ಜಾಹೀರಾತಿಗೆಂದು ಬಿಟ್ಟರು. ಒಂದು ದಿನ ಕಡೂರಿನ ಸಲೂನಿನಲ್ಲಿ ನನ್ನ ಪಕ್ಕ ಕೂತವರು ಫೋನಿನಲ್ಲಿ ಅದನ್ನೇ ಹಾಕಿದರು. ಬಾಗಿಲಿನಾಚೆಯಿಂದ ಐವರೂ ನನ್ನ ಮದುವೆಯ ಬಗ್ಗೆ ನಕ್ಕರು. "ನಮ್ ಕಾಲೇಜ್ ದಿನ ನೆನಪಾಯ್ತು ಕಣ್ರೀ" ಅಂದರು ಅವರು, ಯಾರನ್ನೂ ನೋಡದೆ. ಅವರು ಎಷ್ಟೋ ವರ್ಷದಿಂದ ಒಬ್ಬರೇ ಬಂದು ಒಬ್ಬರೇ ಹೋಗುವುದನ್ನು ನಾನು ನೋಡಿದ್ದೇನೆ. ನಾನೂ ಹಾಗೇ ಬಂದವನು. ಇಬ್ಬರೂ ಕನ್ನಡಿ ನೋಡುತ್ತ ನಮ್ಮ ಸರದಿಗೆ ಕಾದೆವು.

ಕೊನೆಯ ದಿನ ಊಟದ ಹೊತ್ತಿಗೆ ಶಿವನಿಯವಳು ನನ್ನ ಮೇಜಿನ ಹತ್ತಿರ ಬಂದಳು. "ಸಾರ್, ಮಂಡಕ್ಕಿ ಕಲ್ಸಿದೀವಿ. ಬನ್ನಿ, ನಮ್ಮ ಜೊತೆ ಕೂತ್ಕಳಿ." ಹೋದೆ. ಜಾಗ ಬಿಟ್ಟರು. ಪೇಪರಿನ ಮೇಲಿನ ರಾಶಿಗೆ ನಾನೂ ಕೈ ಹಾಕಿದೆ. ಮುಂದಿನ ಕೆಲಸ ಯಾವುದು ಸಾರ್ ಎಂದು ಒಬ್ಬ ಕೇಳಿದ. ಹೇಳಿದೆ. ಒಳ್ಳೆಯದಾಗಲಿ ಸಾರ್ ಅಂದರು. ಖಾರ ಸಾಕಾ ಎಂದು ಇನ್ನೊಬ್ಬಳು ಕೇಳಿದಳು. ಸಾಕು ಅಂದೆ. ಯಾರೂ ನಗಲಿಲ್ಲ. ಅವರದೇನೂ ತಪ್ಪಿರಲಿಲ್ಲ, ತುಂಬ ಪ್ರೀತಿಯಿಂದಲೇ ಕರೆದಿದ್ದರು. ನಾನು ಕೂತಿರುವಷ್ಟು ಹೊತ್ತು ಅದು ಹಾಗೇ ಇರುತ್ತದೆ ಎಂದು ನನಗೆ ಹಳೆಯ ಅನುಭವದಿಂದ ಗೊತ್ತಿತ್ತು. ಇನ್ನೊಂದು ಹಿಡಿ ತಿಂದು, "ಕೇಬಲ್ ಸುತ್ತೋದಿದೆ, ಬರ್ತೀನ್ರಪ್ಪಾ" ಎಂದು ಎದ್ದೆ.

ಬಾಗಿಲ ಹತ್ತಿರ ಬಂದಾಗ ದೂರದಲ್ಲಿ ಶಿವನಿ ಕಡೆಯಿಂದ ರೈಲು ಬರುತ್ತಿರುವುದು ಕೇಳಿಸಿತು. ಕ್ಯಾಮೆರಾ ಇರಲಿಲ್ಲ, ಟೇಕ್ ಇರಲಿಲ್ಲ, ಹೆಡ್‌ಫೋನು ಮೇಜಿನ ಮೇಲಿತ್ತು. ಆದರೂ ಅಭ್ಯಾಸಬಲ. ನಿಂತೆ. ಕಣ್ಣು ಮುಚ್ಚಿಕೊಂಡವು, ಬೆರಳು ತಾನಾಗಿ ಮೇಲೆದ್ದಿತು.

"ಒಂದ್..." ಅಂದೆ.

ಬೆನ್ನ ಹಿಂದೆ ಐವರೂ ಬಿದ್ದು ಬಿದ್ದು ನಗುತ್ತಿದ್ದರು.

ನಾನು ತಿರುಗಲಿಲ್ಲ. ಬೆರಳನ್ನು ಹಾಗೇ ಹಿಡಿದುಕೊಂಡು, ರೈಲು ಪೂರ್ತಿ ಹೋಗುವವರೆಗೂ ಅಲ್ಲೇ ನಿಂತೆ.